ಜೇಬಿಗೊಂದು ಚಾರ್ಜ್ ಮಾಡುವ ಟಾರ್ಚ್ ಬೇಕು, ಬಳಸಿದವರು ಹೇಳಿ

ದಾವಣಗೆರೆ ಬಳಿಯಿಂದ, ಶಿಕ್ಷಕಿ:

ಸಂಜೆಯ ಕೊನೆಯ ಬಸ್ಸು ಇಳಿದ ಮೇಲೆ ಮನೆಗೆ ಒಂದೂವರೆ ಕಿಲೋಮೀಟರ್ ನಡೆಯಬೇಕು. ಒಂದು ಬದಿ ಭದ್ರಾ ನಾಲೆ, ಇನ್ನೊಂದು ಬದಿ ಗದ್ದೆ, ಬೀದಿದೀಪ ಇಲ್ಲ. ಇಷ್ಟು ದಿನ ಮೊಬೈಲ್ ಬೆಳಕಿನಲ್ಲಿಯೇ ಬರುತ್ತಿದ್ದೆ. ಹೋದ ವಾರ ಮೊಬೈಲ್ ಚಾರ್ಜ್ ಮುಗಿದು ಅರ್ಧ ದಾರಿಯನ್ನು ಕತ್ತಲಲ್ಲಿ ತಡವರಿಸಿಕೊಂಡು ಬಂದೆ. ಕೈಚೀಲದಲ್ಲಿ ಸದಾ ಇಟ್ಟುಕೊಳ್ಳುವಂಥ ಸಣ್ಣ ಟಾರ್ಚ್ ಬೇಕು. ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಆಗಬೇಕು. ಅಂಗಡಿಯವರು 10,000 ಲ್ಯೂಮೆನ್ (ಬೆಳಕಿನ ಅಳತೆ) ಎಂದು ಬರೆದಿರುವ ಒಂದನ್ನು ತೋರಿಸಿದರು. ಬೆಲೆ ಬಹಳ ಕಡಿಮೆ. ಕೊಳ್ಳಬಹುದೇ?

ಕೊಪ್ಪದಿಂದ, ಅಡಿಕೆ ತೋಟದವರು:

ಮೇಡಂ, ಅದನ್ನು ಕೊಳ್ಳಬೇಡಿ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಈ ದಾರಿಯಲ್ಲಿ ನಾನೂ ಹಣ ಕಳೆದುಕೊಂಡಿದ್ದೇನೆ.

ನಮ್ಮ ಕಡೆ ಟಾರ್ಚ್‌ಗೆ ಇವತ್ತಿಗೂ ‘ಬ್ಯಾಟರಿ’ ಎಂದೇ ಹೆಸರು. ಅಜ್ಜ ತೆಂಗಿನ ಗರಿಯ ಸೂಡಿ ಹಿಡಿದು ನಡೆದವರು, ಅಪ್ಪನದು ಮೂರು ಸೆಲ್ಲಿನ ಉದ್ದನೆಯ ಬ್ಯಾಟರಿ. ನಾನು ಮೊದಲು ಕೊಂಡದ್ದು ಹಿಂಬದಿಯಲ್ಲಿ ಎರಡು ಪಿನ್ ಇದ್ದು, ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಪ್ಲಾಸ್ಟಿಕ್ ಟಾರ್ಚ್. ಅದರೊಳಗೆ ಇದ್ದದ್ದು ಸೀಸದ ಬ್ಯಾಟರಿ. ಮಳೆಗಾಲದಲ್ಲಿ ಎರಡು ತಿಂಗಳು ಚಾರ್ಜ್ ಮಾಡದೆ ಬಿಟ್ಟೆ, ಮತ್ತೆ ಅದು ಏಳಲಿಲ್ಲ. ಸೀಸದ ಬ್ಯಾಟರಿಯನ್ನು ಖಾಲಿ ಇಟ್ಟರೆ ಒಳಗಿನ ಫಲಕಗಳ ಮೇಲೆ ಗಂಧಕದ ಲವಣ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಅದು ಚಾರ್ಜ್ ಹಿಡಿಯುವುದಿಲ್ಲ.

ಎರಡನೆಯದು ಜಾತ್ರೆಯಲ್ಲಿ ಕೊಂಡದ್ದು, ನಿಮಗೆ ತೋರಿಸಿದಂಥದೇ. ಮುಂದಿನ ಗಾಜನ್ನು ಎಳೆದರೆ ಬೆಳಕು ಚೌಕವಾಗಿ ಗೋಡೆಯ ಮೇಲೆ ಬೀಳುತ್ತದೆ. ಒಳಗಿದ್ದ ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಒಂದು ದಿನ ಅನುಮಾನ ಬಂದು ಏಲಕ್ಕಿ ತೂಗುವ ತಕ್ಕಡಿಯಲ್ಲಿಟ್ಟು ನೋಡಿದೆ: 24 ಗ್ರಾಂ. ಆ ಅಳತೆಯ ನಿಜವಾದ ಸೆಲ್ ಸಾಮಾನ್ಯವಾಗಿ 45 ಗ್ರಾಂ ಆಸುಪಾಸು ತೂಗುತ್ತದೆ. ತೂಕವೇ ಅರ್ಧದಷ್ಟು. ಆ ಸೆಲ್ಲಿನ ಹೆಸರು 18650. ಮೊದಲ ಎರಡು ಅಂಕೆ ಅದರ ಅಡ್ಡಳತೆ, 18 ಮಿಲಿಮೀಟರ್. ಮುಂದಿನ ಎರಡು ಉದ್ದ, 65 ಮಿಲಿಮೀಟರ್. ಕೊನೆಯ ಸೊನ್ನೆ ಎಂದರೆ ಕೊಳವೆಯಾಕಾರ. ಒಳ್ಳೆಯ ಕಂಪನಿಯ 18650 ಸೆಲ್ಲಿನಲ್ಲಿ ಹಿಡಿಯುವುದು ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. ಅದನ್ನು ಮೀರಿ ಐದು ಸಾವಿರ, ಹತ್ತು ಸಾವಿರ ಎಂದು ಬರೆದಿದ್ದರೆ ಆ ಟಾರ್ಚಿನ ಬಗ್ಗೆ ಬೇರೇನೂ ವಿಚಾರಿಸಬೇಕಾಗಿಲ್ಲ.

ಲ್ಯೂಮೆನ್ ಲೆಕ್ಕವೂ ಹೀಗೆಯೇ. ಒಳ್ಳೆಯ ಟಾರ್ಚ್ 1000 ಲ್ಯೂಮೆನ್ ಕೊಡುವುದು ನಿಜ, ಆದರೆ ಒಂದೆರಡು ನಿಮಿಷ ಮಾತ್ರ. ಬೆರಳು ಗಾತ್ರದ ಲೋಹ ಅಷ್ಟು ಕಾವನ್ನು ಹೊರಹಾಕಲಾರದು. ತಲೆಯ ಭಾಗ ಮುಟ್ಟಲಾಗದಷ್ಟು ಬಿಸಿಯಾಗುವ ಮೊದಲೇ ಅದು ತಾನಾಗಿ ಬೆಳಕನ್ನು ತಗ್ಗಿಸಿಕೊಳ್ಳುತ್ತದೆ. ಆದ್ದರಿಂದ ಗರಿಷ್ಠ ಎಷ್ಟು ಎಂದು ಕೇಳುವ ಬದಲು, 100 ಲ್ಯೂಮೆನ್ ಆಸುಪಾಸಿನಲ್ಲಿ ಎಷ್ಟು ಗಂಟೆ ಉರಿಯುತ್ತದೆ ಎಂದು ಕೇಳಿ. ನಡೆಯುವ ದಾರಿಗೆ ಅಷ್ಟು ಬೆಳಕು ಸಾಕು. ಪೆಟ್ಟಿಗೆಯ ಮೇಲೆ ಬೆಳಕಿನ ದೂರವನ್ನು ಮೀಟರಿನಲ್ಲಿ ಬರೆದಿರುತ್ತಾರೆ. 200 ಮೀಟರ್ ಎಂದರೆ ಅಷ್ಟು ದೂರದಲ್ಲಿ ಹುಣ್ಣಿಮೆಯ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಎಂದರ್ಥ. ಅಲ್ಲಿ ಏನಿದೆ ಎಂದು ಸ್ಪಷ್ಟವಾಗಿ ಗುರುತಿಸಬೇಕಾದರೆ ಅದರ ಅರ್ಧ ದೂರವನ್ನು ಹಿಡಿಯಿರಿ.

ಇನ್ನು ಬೆಳಕಿನ ಬಣ್ಣ. ಗದ್ದೆ ಬದಿಯಲ್ಲಿ ನಡೆಯುವವರಿಗೆ ಇದು ಮುಖ್ಯ. ನೀಲಿ ಬೆರೆತ ಬಿಳಿ ಬೆಳಕಿನಲ್ಲಿ ತರಗೆಲೆ, ಮಣ್ಣು, ಹಾವು ಎಲ್ಲವೂ ಒಂದೇ ಬೂದಿ ಬಣ್ಣಕ್ಕೆ ತಿರುಗುತ್ತವೆ. ಮೂರು ವರ್ಷದ ಹಿಂದೆ ಕಾರ್ತಿಕದಲ್ಲಿ, ರಾತ್ರಿ ಪಾಳಿಯ ಕರೆಂಟ್ ಬಂತೆಂದು ಪಂಪ್ ಹಾಕಲು ಹೋಗುತ್ತಿದ್ದೆ. ಆಗಷ್ಟೇ ಸ್ವಲ್ಪ ಹಳದಿ ಕಡೆಗೆ ವಾಲುವ ಬೆಳಕಿನ ಟಾರ್ಚ್ ಕೊಂಡಿದ್ದೆ. ಪಂಪ್ ಮನೆಯ ಮೆಟ್ಟಿಲ ಪಕ್ಕ ಒಣಗಿದ ಅಡಿಕೆ ಸೋಗೆಯ ಮೇಲೆ ಸರಪಳಿಯಂತೆ ಕೋದ ಕಂದು ಉಂಗುರಗಳು ಕಂಡವು. ಕೊಳಕುಮಂಡಲ. ನನ್ನ ಹೆಜ್ಜೆಗೂ ಅದಕ್ಕೂ ಎರಡು ಮೊಳವೂ ಇರಲಿಲ್ಲ. ಹಳೆಯ ಟಾರ್ಚಿನಲ್ಲಿ ಆ ಉಂಗುರಗಳು ನನಗೆ ಕಾಣುತ್ತಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಕೊಳ್ಳುವಾಗ ಬೆಳಕಿನ ಬಣ್ಣದ ಅಳತೆ 4000ದಿಂದ 5000 ಕೆಲ್ವಿನ್ ಇರುವುದನ್ನು, ಸಿಆರ್‌ಐ 90ಕ್ಕಿಂತ ಮೇಲಿರುವುದನ್ನು ಕೇಳಿ ಪಡೆಯಿರಿ. ಸಿಆರ್‌ಐ ಎಂದರೆ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕ; ಸೂರ್ಯನ ಬೆಳಕಿಗೆ 100.

ಜಿಟಿಜಿಟಿ ಮಳೆಯಲ್ಲಿ ಟಾರ್ಚನ್ನು ಕಣ್ಣಿನ ಮಟ್ಟದಲ್ಲಿ ಹಿಡಿಯಬೇಡಿ. ಹನಿಗಳಿಗೆ ತಾಗಿದ ಬೆಳಕು ಕಣ್ಣಿಗೇ ವಾಪಸ್ಸು ಹೊಡೆದು ದಾರಿ ಮಾಯವಾಗುತ್ತದೆ. ಸೊಂಟದ ಮಟ್ಟದಲ್ಲಿ ಹಿಡಿದರೆ ನೆಲ ಕಾಣುತ್ತದೆ.

ಹುಬ್ಬಳ್ಳಿಯಿಂದ, ಎಲೆಕ್ಟ್ರಿಷಿಯನ್:

ಬಣ್ಣದ ಬಗ್ಗೆ ಕೊಪ್ಪದವರು ಹೇಳಿದ್ದಕ್ಕೆ ನನ್ನದೂ ಸಾಕ್ಷಿ ಇದೆ. ಅಗ್ಗದ ಟಾರ್ಚಿನಲ್ಲಿ ಕೆಂಪು ವೈರು ಕಂದಾಗಿ ಕಾಣುತ್ತದೆ, ನಮ್ಮ ಕೆಲಸದಲ್ಲಿ ಅದು ಪ್ರಾಣದ ಪ್ರಶ್ನೆ. ನಾನು ಬಳಸುವುದು ವುರ್ಕೋಸ್ ಎಫ್‌ಸಿ11. 18650 ಸೆಲ್ ಹಾಕುವಂಥದು, ಮೈಮೇಲೆಯೇ ಟೈಪ್-ಸಿ ಕಿಂಡಿ ಇದೆ, ಬುಡದಲ್ಲಿ ಅಯಸ್ಕಾಂತ ಇದೆ. ಕಬ್ಬಿಣದ ಡಬ್ಬಿಗೆ ಅಂಟಿಸಿ ಎರಡೂ ಕೈಯಲ್ಲಿ ಕೆಲಸ ಮಾಡುತ್ತೇನೆ. ಆದರೆ ಮೇಡಂ, ನೀವು ಕೈಚೀಲದಲ್ಲಿ ಇಡುವವರು. ಅಯಸ್ಕಾಂತದ ಬುಡವನ್ನು ಎಟಿಎಂ ಕಾರ್ಡಿನ ಕಪ್ಪು ಪಟ್ಟಿಗೆ ತಾಗದಂತೆ ಬೇರೆ ಅರೆಯಲ್ಲಿಡಿ.

ಚಾರ್ಜಿಂಗ್ ವಿಷಯದಲ್ಲಿ ಒಂದು ಮಾತು. ಎರಡೂ ತುದಿ ಟೈಪ್-ಸಿ ಇರುವ ಹೊಸ ಮೊಬೈಲ್ ಕೇಬಲ್ಲಿಗೆ ಕೆಲವು ಟಾರ್ಚುಗಳು ಚಾರ್ಜ್ ಆಗುವುದೇ ಇಲ್ಲ. ಕಿಂಡಿಯ ಹಿಂದೆ ಇರಬೇಕಾದ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕರು ಹಾಕಿರುವುದಿಲ್ಲ. ಚಾರ್ಜರ್ ಕಡೆ ಹಳೆಯ ಅಗಲ ಪಿನ್ ಇರುವ ಕೇಬಲ್ ಬಳಸಿದರೆ ಆಗುತ್ತದೆ. ಇದು ತಿಳಿಯದೆ ಸರಿಯಿರುವ ಟಾರ್ಚನ್ನೇ ಕೆಟ್ಟಿದೆ ಎಂದು ಹಿಂದಿರುಗಿಸಿದವರನ್ನು ನೋಡಿದ್ದೇನೆ.

ಮಂಗಳೂರಿನಿಂದ, ಶುಶ್ರೂಷಕಿ:

ಎಲ್ಲರೂ ದೊಡ್ಡ ಬೆಳಕಿನ ಮಾತಾಡಿದಿರಿ, ನಾನು ಸಣ್ಣದರ ಬಗ್ಗೆ ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಡ್ರಿಪ್ ನೋಡಲು ಹೋದಾಗ ನನಗೆ ಬೇಕಾದದ್ದು ಒಂದು ಲ್ಯೂಮೆನ್‌ಗಿಂತಲೂ ಕಡಿಮೆ. ಮೂನ್‌ಲೈಟ್ ಎಂದು ಕರೆಯುವ ಆ ಹಂತ ಎಲ್ಲ ಟಾರ್ಚಿನಲ್ಲಿಯೂ ಇರುವುದಿಲ್ಲ. ಇರುವುದನ್ನೇ ಆರಿಸಿ. ಪಕ್ಕದ ಹಾಸಿಗೆಯವರು ಏಳುವುದಿಲ್ಲ, ನಮ್ಮ ಕಣ್ಣಿಗೂ ಕತ್ತಲೆಯ ರೂಢಿ ತಪ್ಪುವುದಿಲ್ಲ. ಪ್ರಖರ ಬೆಳಕು ಒಮ್ಮೆ ಕಣ್ಣಿಗೆ ಬಿದ್ದರೆ ಕತ್ತಲಲ್ಲಿ ಮತ್ತೆ ಚೆನ್ನಾಗಿ ಕಾಣಲು ಇಪ್ಪತ್ತು ನಿಮಿಷವಾದರೂ ಬೇಕು.

ಇನ್ನೊಂದು, ಪಕ್ಕದಲ್ಲಿ ಗುಂಡಿ ಇರುವ ಟಾರ್ಚ್ ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳಬಹುದು. ನನ್ನ ಕೋಟಿನ ಜೇಬಿಗೆ ಹೀಗೆಯೇ ಕಂದು ಕಲೆ ಬಿದ್ದಿತು, ತೊಡೆಗೂ ಬಿಸಿ ತಾಗಿತು. ಅಂದಿನಿಂದ ಜೇಬಿಗೆ ಹಾಕುವ ಮೊದಲು ಬುಡದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸುತ್ತೇನೆ. ಬಹುತೇಕ ಲೋಹದ ಟಾರ್ಚುಗಳಲ್ಲಿ ಅಷ್ಟಕ್ಕೇ ಸಂಪರ್ಕ ಕಡಿಯುತ್ತದೆ.

ಮಸ್ಕತ್‌ನಿಂದ:

ಊರಿಗೆ ವಿಮಾನದಲ್ಲಿ ತರುವವರು ಬಿಡಿ ಲಿಥಿಯಂ ಸೆಲ್ಲುಗಳನ್ನು ಕೈಯಲ್ಲಿರುವ ಬ್ಯಾಗಿನಲ್ಲಿಯೇ ಇಡಬೇಕು. ತೂಕಕ್ಕೆ ಹಾಕುವ ಪೆಟ್ಟಿಗೆಯಲ್ಲಿ ಬಿಡಿ ಸೆಲ್ ಇಡುವಂತಿಲ್ಲ.

ದಾವಣಗೆರೆ ಬಳಿಯಿಂದ, ಶಿಕ್ಷಕಿ:

ಎಲ್ಲರಿಗೂ ಧನ್ಯವಾದಗಳು. ಈಗ ಎರಡರ ನಡುವೆ ನಿಂತಿದ್ದೇನೆ. ಒಂದು 18650 ಸೆಲ್ಲಿನದು. ಇನ್ನೊಂದು ಸೊಫಿರ್ನ್ ಎಸ್‌ಪಿ10 ಪ್ರೊ, ಹೆಬ್ಬೆರಳಿನಷ್ಟು ದಪ್ಪ, ಅದಕ್ಕೆ ಸಾಮಾನ್ಯ ಪೆನ್ಸಿಲ್ ಸೆಲ್ ಕೂಡ ಆಗುತ್ತದಂತೆ. ನನ್ನ ನಡಿಗೆ 25 ನಿಮಿಷ. ಯಾವುದು?

ಕೊಪ್ಪದಿಂದ, ಅಡಿಕೆ ತೋಟದವರು:

ಪೆನ್ಸಿಲ್ ಸೆಲ್ ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತದೆ, ಅದು ದೊಡ್ಡ ಅನುಕೂಲ. ಆದರೆ ಆ ಟಾರ್ಚಿನಲ್ಲಿ ಚಾರ್ಜ್ ಮಾಡುವ ಕಿಂಡಿ ಇಲ್ಲ, ಸೆಲ್ ಹೊರತೆಗೆದು ಬೇರೆ ಚಾರ್ಜರಿನಲ್ಲಿ ಇಡಬೇಕು. ಅದಕ್ಕೆ ಬರುವ ಚಾರ್ಜ್ ಸೆಲ್ 14500. ನೋಡಲು ಪೆನ್ಸಿಲ್ ಸೆಲ್ಲಿನಂತೆಯೇ ಇದ್ದರೂ ಅದರದು 3.7 ವೋಲ್ಟ್. ಮನೆಯವರು ಯಾರಾದರೂ ತಿಳಿಯದೆ ಗೋಡೆ ಗಡಿಯಾರಕ್ಕೋ ಟಿವಿ ರಿಮೋಟಿಗೋ ಹಾಕಿದರೆ ಅದು ಸುಟ್ಟುಹೋದೀತು.

ಲೆಕ್ಕ ಹೀಗಿದೆ. 100 ಲ್ಯೂಮೆನ್ ಬೆಳಕಿಗೆ ಸುಮಾರು ಒಂದು ವ್ಯಾಟ್ ಖರ್ಚು ಎಂದು ಹಿಡಿಯಿರಿ. 14500ರಲ್ಲಿ ಇರುವುದು ಮೂರು ವ್ಯಾಟ್-ಗಂಟೆಯ ಆಸುಪಾಸು, ಅಂದರೆ ಆ ಬೆಳಕಿಗೆ ಸುಮಾರು ಮೂರು ಗಂಟೆ, 18650ರಲ್ಲಿ ಹತ್ತಕ್ಕಿಂತ ಹೆಚ್ಚು. ನಿಮ್ಮ 25 ನಿಮಿಷಕ್ಕೆ ಮೊದಲನೆಯದು ಒಂದು ವಾರ ಬಂದರೆ, ಎರಡನೆಯದು ಮೂರು ವಾರ ಬರುತ್ತದೆ. ನಾಲೆಯ ಬದಿಯ ದಾರಿ, ನಿತ್ಯದ ನಡಿಗೆ, ಮೊಬೈಲ್ ಚಾರ್ಜರ್ ಒಂದೇ ಸಾಕೆನ್ನುವವರು ನೀವು. 18650 ತೆಗೆದುಕೊಳ್ಳಿ. ಸೆಲ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು ಮೊದಲು ನೋಡಿ. ಸೆಲ್ಲನ್ನು ಒಳಗೇ ಮುಚ್ಚಿಬಿಟ್ಟಿರುವ ಟಾರ್ಚ್ ಸೆಲ್ ಸೋತ ದಿನವೇ ಕಸಕ್ಕೆ ಹೋಗುತ್ತದೆ.

ಭಾನುವಾರ ರಾತ್ರಿ ಚಾರ್ಜ್ ಹಾಕುವುದನ್ನು ರೂಢಿ ಮಾಡಿಕೊಳ್ಳಿ, ಮುಗಿಯುವವರೆಗೆ ಕಾಯಬೇಡಿ. ಬುಡದ ತೂತಿಗೆ ದಾರ ಕಟ್ಟಿ ಮಣಿಕಟ್ಟಿಗೆ ಹಾಕಿಕೊಳ್ಳಿ, ನಾಲೆಗೆ ಜಾರಿ ಬೀಳುವುದಿಲ್ಲ. ಬಸ್ಸಿನಿಂದ ಇಳಿಯುವ ಮೊದಲೇ ಟಾರ್ಚ್ ನಿಮ್ಮ ಕೈಯಲ್ಲಿರಲಿ, ಸಡಿಲಿಸಿದ ಮುಚ್ಚಳವನ್ನು ಅಲ್ಲಿಯೇ ಬಿಗಿ ಮಾಡಿಕೊಳ್ಳಿ.