ಬಿ-302ರ ಮೇಂಟೆನೆನ್ಸ್ ಬಾಕಿ, ಲಿಫ್ಟಲ್ಲಿ ಅಂಟಿಸಿದ ನೋಟಿಸ್

ಬಿ-302 (ಬಾಡಿಗೆ): ಎಲ್ಲರಿಗೂ ನಮಸ್ಕಾರ. ಲಿಫ್ಟಲ್ಲಿ ನಮ್ಮ ಫ್ಲ್ಯಾಟ್ ನಂಬರಿನ ಸುತ್ತ ಕೆಂಪು ಮಾರ್ಕರಲ್ಲಿ ಸೊನ್ನೆ ಸುತ್ತಿ ನೋಟಿಸ್ ಹಾಕಿದ್ದೀರಿ. 7 ತಿಂಗಳು, ತಿಂಗಳಿಗೆ 3,200, ಒಟ್ಟು 22,400. ಬೆಳಿಗ್ಗೆ ಸ್ಕೂಲಿಗೆ ಹೊರಟ ಮಗಳು ಅದನ್ನ ಜೋರಾಗಿ ಓದಿದ್ಲು, ಲಿಫ್ಟ್ ತುಂಬ ಜನ. ನಾನು ಪ್ರತಿ ತಿಂಗಳು 5ನೇ ತಾರೀಕಿನೊಳಗೆ ಓನರ್ ಅಕೌಂಟಿಗೆ 24,000 ಹಾಕ್ತಿದ್ದೀನಿ. ಅಗ್ರಿಮೆಂಟಲ್ಲಿ ‘ಮೇಂಟೆನೆನ್ಸ್ ಸೇರಿ’ ಅಂತಲೇ ಇದೆ. ಆ ಪುಟದ ಫೋಟೋ ಹಾಕಿದ್ದೀನಿ, ನೋಡಿ.

ಸಿ-101: ಅದೆಲ್ಲ ಸರಿ ಕಣಮ್ಮ, ಆದ್ರೆ ನೀರು, ಲಿಫ್ಟು ಬಳಸೋರು ನೀವೇ ತಾನೆ? ನಿಮ್ಮ ಓನರ್ ದುಡ್ಡು ಕೊಡೋ ತನಕ ಟ್ಯಾಂಕರಿನವನು ಕಾಯ್ತಾನಾ?

ಎ-204 (ಖಜಾಂಚಿ): ನೋಟಿಸ್ ಅಂಟಿಸಿದ್ದು ನಾನೇ. ಬೋರ್‌ವೆಲ್ ಕೈಕೊಟ್ಟ ಮೇಲೆ ದಿನಕ್ಕೆ ಮೂರು ಲೋಡ್ ನೀರು ತರಿಸ್ತಿದ್ದೀವಿ, ಜನರೇಟರ್ ಡೀಸೆಲ್ ಬೇರೆ. ಓನರ್‌ಗೆ ನಾಲ್ಕು ಸಲ ಮೆಸೇಜ್ ಮಾಡಿದೆ. ನೀಲಿ ಟಿಕ್ ಬಿತ್ತು, ಉತ್ತರ ಬರಲಿಲ್ಲ. ಕೈಗೆ ಸಿಗೋರು ಇಲ್ಲಿ ಇರೋರು ಮಾತ್ರ.

ಎ-003: ಖಜಾಂಚಿಗಳೇ, ಕೈಗೆ ಸಿಕ್ಕೋರು ಅಂತ ಹಿಡಿಯೋಕಾಗಲ್ಲ. ನಮ್ಮ ಸಂಘ ಇರೋದು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಷಿಪ್ ಆಕ್ಟ್ ಅಡಿ. ಹೆಸರಲ್ಲೇ ಇದೆಯಲ್ಲ, ಓನರ್ ಅಂತ. ಸಂಘದ ಸದಸ್ಯ ಓನರು, ಖರ್ಚಿನ ಪಾಲು ಅವರದ್ದು. ಮನೆ ಖಾಲಿ ಬಿದ್ದಿದ್ರೂ ಕಟ್ಟಬೇಕು, ಲಿಫ್ಟ್ ಹತ್ತಲ್ಲ ಅಂದ್ರೂ ಕಟ್ಟಬೇಕು. ಬಾಡಿಗೆದಾರರು ಕಟ್ಟೋದು ಅವರಿಬ್ಬರ ಅಗ್ರಿಮೆಂಟಿನ ಮಾತು, ಅದಕ್ಕೆ ಸಂಘದ ಸಹಿ ಇಲ್ಲ. ಈ ಕೇಸಲ್ಲಂತೂ ಆಕೆ ಕಟ್ಟಿಯಾಗಿದೆ. ದುಡ್ಡು ಕೂತಿರೋದು ಓನರ್ ಜೇಬಲ್ಲಿ.

ಡಿ-402 (ಓನರ್): ನನ್ನ ಇನ್ನೊಂದು ಫ್ಲ್ಯಾಟ್ ಬಾಡಿಗೆಗಿದೆ, ಅನುಭವದಿಂದ ಹೇಳ್ತೀನಿ. ‘ಮೇಂಟೆನೆನ್ಸ್ ಸೇರಿ’ ಅಂತ ಬರೆಸಬೇಡಿ. ಒಟ್ಟಿಗೆ ತಗೊಂಡ್ರೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಅಷ್ಟೂ ಬಾಡಿಗೆ ಆದಾಯಕ್ಕೇ ಸೇರುತ್ತೆ. ಶೇ 30 ಕಡಿತ ಕೊಡ್ತಾರೆ ನಿಜ, ಆದ್ರೆ ಮೇಂಟೆನೆನ್ಸ್ ರಸೀದಿ ತೋರಿಸಿ ಬೇರೆ ಕಳೆಯೋ ಹಾಗಿಲ್ಲ. ನಾನು ಬಾಡಿಗೆದಾರರೇ ನೇರ ಸಂಘಕ್ಕೆ ಹಾಕಿ ರಸೀದಿ ಕಳಿಸೋ ಹಾಗೆ ಬರೆಸಿದ್ದೀನಿ. ಏಳು ತಿಂಗಳು ಗೊತ್ತೇ ಆಗದೆ ಬಾಕಿ ಬೆಳೆಯಲ್ಲ.

ಬಿ-105 (ಬಾಡಿಗೆ): ಹಾಗಾದ್ರೆ ಹೊರಗಡೆ ಪೇಂಟಿಂಗಿಗೆ ಅಂತ ನನ್ನತ್ರ 15,000 ಕೇಳಿದ್ದು? 11 ತಿಂಗಳ ಅಗ್ರಿಮೆಂಟ್ ನಂದು, ಮೂರು ತಿಂಗಳು ಉಳಿದಿದೆ. ಬಣ್ಣ ಒಣಗೋಷ್ಟರಲ್ಲಿ ನಾನೇ ಇರಲ್ಲ.

ಎ-003: ಕೊಡಬೇಡಿ ಸರ್. ಪೇಂಟಿಂಗ್, ಹೊಸ ಲಿಫ್ಟು, ಕಾರ್ಪಸ್ ಫಂಡು (ಮುಂದಿನ ದೊಡ್ಡ ಖರ್ಚಿಗೆ ಕೂಡಿಡೋ ದುಡ್ಡು) ಎಲ್ಲ ಓನರ್‌ಗಳ ಆಸ್ತಿಯ ಖರ್ಚು.

ಸಿ-101: ಹಂಗಾದ್ರೆ ಆ ಓನರನ್ನ ಹಿಡಿಯೋದು ಹೆಂಗೆ ಲಾಯರ್ ಸಾಹೇಬ್ರೆ?

ಎ-003: ಮೆಸೇಜ್ ಮಾಡಿದ್ದು ಸಾಕು. ಸೇಲ್ ಡೀಡಲ್ಲಿರೋ ವಿಳಾಸಕ್ಕೆ ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಹೋಗ್ಲಿ. ಬಾಕಿ ಫ್ಲ್ಯಾಟಿನ ಮೇಲೇ ಕೂರುತ್ತೆ. ನಾಳೆ ಮಾರೋಕೆ ಬಂದಾಗ ನಮ್ಮ ಹತ್ರ ನೋ ಡ್ಯೂ, ಅಂದ್ರೆ ಬಾಕಿ ಇಲ್ಲ ಅನ್ನೋ ಪತ್ರ ಕೇಳಲೇಬೇಕಲ್ಲ. ಮತ್ತೆ, ಆ ಮನೆ ನೀರು ನಿಲ್ಲಿಸೋಣ ಅಂತ ಹೋದ ಮೀಟಿಂಗಲ್ಲಿ ಯಾರೋ ಅಂದ್ರು. ಆ ಯೋಚನೆ ಬಿಡಿ.

ಎ-204 (ಖಜಾಂಚಿ): ಸರಿ. ಇವತ್ತೇ ಪೋಸ್ಟ್ ಮಾಡ್ತೀನಿ. ಮುಂದಿನ ತಿಂಗಳಿಂದ ಬಿಲ್ಲು ಓನರ್, ಬಾಡಿಗೆದಾರರು ಇಬ್ಬರಿಗೂ ಹೋಗುತ್ತೆ. ನೋಟಿಸ್ ಈಗ ಕಿತ್ತೆ ಮೇಡಂ, ಸಾರಿ. ಅರ್ಧ ಕಾಗದ ಕನ್ನಡಿಗೇ ಅಂಟಿಕೊಂಡಿದೆ.

ಸಿ-101: ಉಗುರಲ್ಲಿ ಕೆರೀಬೇಡಿ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ, ತಾನೇ ಬರುತ್ತೆ.