ಸಹಾಯ ಬೇಕು: ಮಗಳ ಮುಟ್ಟಿನ ನೋವಿಗೆ ಫಿಸಿಯೋಥೆರಪಿ ಮಾಡಿಸಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯ ವಿದ್ಯಾನಗರದವರು. ಮಗಳಿಗೆ 19 ವರ್ಷ. ಮುಟ್ಟಾದ ಮೊದಲ ದಿನ ಹೊಟ್ಟೆ ಕಿವುಚಿದ ಹಾಗೆ ನೋವು, ಸೊಂಟದಿಂದ ತೊಡೆವರೆಗೂ ಎಳೆತ. ಮೊನ್ನೆ ಇಂಟರ್ನಲ್ಸ್ ಇದ್ದ ದಿನ ಬಚ್ಚಲುಮನೆ ಬಾಗಿಲು ಹಿಡಿದುಕೊಂಡು ಹಾಗೇ ಕೆಳಗೆ ಕೂತುಬಿಟ್ಟಳು. ನೋಡೋಕೆ ಆಗಲಿಲ್ಲ.

ಸ್ಕ್ಯಾನಿಂಗ್ ಮಾಡಿಸಿದೆವು, ಎಲ್ಲಾ ಸರಿ ಇದೆ ಅಂದರು. ಪ್ರೊಸ್ಟಾಗ್ಲಾಂಡಿನ್ ಅಂತ ದೇಹದಲ್ಲೇ ತಯಾರಾಗೋ ರಾಸಾಯನಿಕ ಜಾಸ್ತಿಯಾಗಿ ಗರ್ಭಕೋಶ ಬಿಗಿ ಹಿಡಿಯುತ್ತೆ, ಅದೇ ಈ ನೋವು ಅಂತ ಡಾಕ್ಟರ್ ಹೇಳಿದರು. ನೋವಿನ ಮಾತ್ರೆ ತಗೊಂಡರೆ ಕಡಿಮೆಯಾಗುತ್ತೆ, ಆದರೆ ಹೊಟ್ಟೆ ಉರಿ. ಮೆಂತ್ಯದ ನೀರು, ಜೀರಿಗೆ ಕಷಾಯ ಎಲ್ಲಾ ಆಯ್ತು. ಬಿಸಿನೀರಿನ ಬ್ಯಾಗ್ ಇಟ್ಟಷ್ಟು ಹೊತ್ತು ಹಾಯ್ ಅನಿಸುತ್ತೆ, ಅಷ್ಟೇ. ಮದುವೆ ಆದರೆ ಸರಿಹೋಗುತ್ತೆ ಅನ್ನೋ ಮಾತು ಮಾತ್ರ ದಯವಿಟ್ಟು ಬೇಡ.

ಈಗ ಫಿಸಿಯೋಥೆರಪಿಸ್ಟ್ ಒಬ್ಬರು ಮಾರ್ಜಾಲಾಸನ, ಬಾಲಾಸನದ ಥರದ ಸ್ಟ್ರೆಚಿಂಗ್ ತೋರಿಸಿದ್ದಾರೆ. ಟೆನ್ಸ್ ಮಷೀನ್ ಬಗ್ಗೆಯೂ ಹೇಳಿದರು. ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣಗೆ ಕರೆಂಟ್ ಕೊಡೋದು. ಆದರೆ ನಮ್ಮತ್ತೆ, ಮುಟ್ಟಿನಲ್ಲಿ ಮೈ ಬಗ್ಗಿಸಲೇಬಾರದು ಅಂತಾರೆ. ಅಲ್ಲೇ ಗೊಂದಲ ಆಗಿರೋದು.

ವ್ಯಾಯಾಮ ನೋವಿರೋ ದಿನವೂ ಮಾಡಬಹುದಾ, ಇಲ್ಲ ಉಳಿದ ದಿನಗಳಲ್ಲಿ ಮಾತ್ರನಾ? ಟೆನ್ಸ್ ಬಳಸಿದವರು ಪ್ಯಾಡ್ ಕೆಳಹೊಟ್ಟೆಗೆ ಹಾಕಿದ್ರಾ, ಸೊಂಟಕ್ಕಾ? ಎಷ್ಟು ತಿಂಗಳಿಗೆ ಫರಕ್ ಗೊತ್ತಾಯಿತು?