‘ಕಿವುಡರು’ ಅನ್ನಬಹುದೇ, ‘ಶ್ರವಣದೋಷವುಳ್ಳವರು’ ಅನ್ನಬೇಕೇ?

ಪ್ರಶ್ನೆ (ಮುಳಬಾಗಿಲು): ಕುಡಿತ ಬಿಡುವವರ ವಾರದ ಸಭೆಗೆ ಕರಪತ್ರ ಮಾಡಿಸುತ್ತಿದ್ದೇವೆ. ಕರಡಿನಲ್ಲಿ ‘ಶ್ರವಣದೋಷವುಳ್ಳವರಿಗೂ ಸ್ವಾಗತ, ಮಾಹಿತಿಗೆ ಕರೆ ಮಾಡಿ’ ಎಂದಿದೆ. ‘ಕಿವುಡರು’ ಅಂದರೆ ಬೈದ ಹಾಗಾಗುತ್ತದೆಯೇ? ಅವರು ಕೈಯಲ್ಲಿ ಆಡುವ ಭಾಷೆಗೆ ‘ಸನ್ನೆ ಭಾಷೆ’ ಅನ್ನಬೇಕೋ ‘ಸಂಜ್ಞಾ ಭಾಷೆ’ ಅನ್ನಬೇಕೋ?

ಉತ್ತರ (ಕೋಲಾರ): ಸಾರ್, ಮೊದಲು ‘ಕರೆ ಮಾಡಿ’ ತೆಗೆಯಿರಿ. ಕಿವಿ ಕೇಳಿಸದವರನ್ನು ಕರೆದು ಫೋನ್ ಮಾಡಿ ಅನ್ನುವುದೇ? ‘ವಾಟ್ಸಾಪ್ ಸಂದೇಶ ಅಥವಾ ವೀಡಿಯೊ ಕಾಲ್’ ಎಂದು ಹಾಕಿ.

‘ಶ್ರವಣದೋಷ’ ಆಡಿಯೋಗ್ರಾಮಿನ (ಕಿವಿ ಪರೀಕ್ಷೆಯ ನಕ್ಷೆಯ) ಮಾತು, ಸರ್ಟಿಫಿಕೇಟಿಗೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದರಲ್ಲೇ ಎರಡು ಬಗೆ ಮಾಡಿದೆ: ಎರಡೂ ಕಿವಿಗೆ ಮಾತಿನ ಆವರ್ತನಗಳಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು, 60ರಿಂದ 70 ಇದ್ದರೆ ಮಂದ ಶ್ರವಣ. ಆದರೆ ಸಂಜ್ಞಾ ಭಾಷೆಯಲ್ಲೇ ಬೆಳೆದ ಅನೇಕರು ತಮ್ಮಲ್ಲಿ ದೋಷವಿದೆ ಅಂದುಕೊಳ್ಳುವುದಿಲ್ಲ, ತಮ್ಮದು ಬೇರೆ ಭಾಷೆ ಅನ್ನುತ್ತಾರೆ. ಈ ಗುರುತನ್ನು ಇಂಗ್ಲಿಷಿನವರು ‘Deaf’ ಎಂದು ಮೊದಲಕ್ಷರ ದೊಡ್ಡದಾಗಿ ಬರೆದು ತೋರಿಸುತ್ತಾರೆ. ನಮ್ಮ ಲಿಪಿಗೆ ಆ ಸೌಕರ್ಯವಿಲ್ಲ, ‘ಕಿವುಡ ಸಮುದಾಯ’ ಎಂದೇ ಬರೆಯಬೇಕು.

‘ಕಿವುಡು’ ಹುಟ್ಟಾ ಬೈಗುಳವಲ್ಲ. ನಮ್ಮಲ್ಲಿ ಕಿವಿ–ಕಿವುಡು, ತೆಲುಗಿನಲ್ಲಿ ಚೆವಿ–ಚೆವುಡು, ತಮಿಳಿನಲ್ಲಿ ಸೆವಿ–ಸೆವಿಡು. ಮೂರೂ ಒಂದೇ ಬೇರಿನವು. ಕಹಿ ಬಂದದ್ದು ‘ಏ ಕಿವುಡ’ ಎಂಬ ಏಕವಚನದಿಂದ, ಪತ್ರಿಕೆಯವರ ‘ಜಾಣಕಿವುಡು’ವಿನಿಂದ. ‘ಕಿವುಡರು’ ಅಂದರೆ ತಪ್ಪಿಲ್ಲ. ‘ಕಿವುಡ-ಮೂಗ’ ಮಾತ್ರ ಬೇಡವೇ ಬೇಡ: ಅವರಲ್ಲಿ ಹೆಚ್ಚಿನವರ ಗಂಟಲು, ನಾಲಿಗೆ ಸರಿಯಾಗೇ ಇರುತ್ತವೆ, ಕಿವಿಗೆ ಬೀಳದ ಮಾತು ಬಾಯಿಗೆ ಬಂದಿರುವುದಿಲ್ಲ ಅಷ್ಟೆ.

‘ಸನ್ನೆ’ ‘ಸಂಜ್ಞೆ’ಯ ತದ್ಭವ. ಆದರೂ ಕಣ್ಸನ್ನೆ, ಕೈಸನ್ನೆ ನೆನಪಾಗಿ, ವ್ಯಾಕರಣವಿಲ್ಲದ ಕೈಯಾಟ ಎಂಬ ಭಾವ ಬರುತ್ತದೆ. ನನ್ನ ಮತ ‘ಭಾರತೀಯ ಸಂಜ್ಞಾ ಭಾಷೆ’ಗೆ. ಸಭೆಯ ಮಾತನ್ನು ಅದರಲ್ಲಿ ತಿರುಗಿಸಿ ಹೇಳುವವರು ‘ದುಭಾಷಿ’, ‘ಅನುವಾದಕ’ ಬರಹದವನು.

ನಿಮ್ಮ ಕರಡಿನ ನಿಜವಾದ ತೊಡಕು ಬೇರೆ. ಅರವತ್ತು ದಾಟಿದ ಮೇಲೆ ಕಿವಿ ಮಂದವಾದವರಿಗೆ ದುಭಾಷಿಯ ಕೈ ಅರ್ಥವಾಗದು, ಅವರಿಗೆ ಮಾತು ಪರದೆಯ ಮೇಲೆ ಅಕ್ಷರವಾಗಿ ಬರಬೇಕು. ಸಂಜ್ಞಾ ಭಾಷೆಯವರಿಗೆ ಚೀಟಿ ಬರೆದು ಕೊಟ್ಟರೆ ಸಾಲದು, ಹಲವರಿಗೆ ಬರೆದ ಕನ್ನಡ ಎರಡನೆಯ ಭಾಷೆ. ‘ಶ್ರವಣದೋಷವುಳ್ಳವರು’ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಹೀಗೆ ಬರೆದರೆ ಸಾಕು:

‘ಕಿವುಡರಿಗೆ ಭಾರತೀಯ ಸಂಜ್ಞಾ ಭಾಷೆಯ ದುಭಾಷಿ ಇರುತ್ತಾರೆ. ಕಿವಿ ಮಂದವಿರುವವರಿಗೆ ಮಾತನ್ನು ಪರದೆಯ ಮೇಲೆ ಬರೆದು ತೋರಿಸಲಾಗುವುದು.’

ಬರೆದ ಮೇಲೆ ನಡೆಸಲೂ ಬೇಕಲ್ಲ. ಒಂದು ಗಂಟೆಯ ಸಭೆಗೆ ಇಬ್ಬರು ದುಭಾಷಿಗಳು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ದಣಿದ ಮೇಲೆ ಮಾತು ಬಿಟ್ಟುಹೋಗುತ್ತದೆ. ಅವರ ಬೆನ್ನಿಗೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಸಂಜ್ಞಾ ಭಾಷೆಗೆ ಮುಖವೂ ವ್ಯಾಕರಣ. ಮೌನ ಪ್ರಾರ್ಥನೆಗೆ ದೀಪ ಆರಿಸಿದರೆ ಕಿವುಡರ ಪಾಲಿಗೆ ಸಭೆಯೇ ನಿಂತಂತೆ. ಹೆಂಡತಿಯನ್ನೋ ತಮ್ಮನನ್ನೋ ದುಭಾಷಿಯಾಗಿ ಕೂರಿಸಬೇಡಿ, ಕುಡಿತದ ವಿಷಯ ಮನೆಯವರ ಕೈಯಿಂದ ಹೇಳಿಸಲು ಯಾರು ಒಪ್ಪುತ್ತಾರೆ?

ಇನ್ನೊಬ್ಬರು (ಶ್ರೀನಿವಾಸಪುರ): ತೆಲುಗಿನಲ್ಲೂ ಅಚ್ಚು ಹಾಕಿಸುವುದಾದರೆ ಅಲ್ಲಿ ಬರಹಕ್ಕೆ ‘ಬಧಿರುಲು’ ಸರಿಹೋಗುತ್ತದೆ. ಕನ್ನಡದಲ್ಲಿ ‘ಬಧಿರ’ ಎಂದರೆ ಕಾವ್ಯ ಓದಿದ ಹಾಗಾಗುತ್ತದೆ. ಒಂದು ಅನುಮಾನ: ಕಿವುಡರಲ್ಲದವರಿಗೆ ‘ಕೇಳುವವರು’ ಅಂದರೆ ಪ್ರಶ್ನೆ ಕೇಳುವವರು ಎಂದಾಗುತ್ತದೆ. ‘ಕಿವಿ ಕೇಳುವವರು’ ಅನ್ನೋಣವೇ?